ಸೊಸೆ ತೊಳೆಯದ ಬಚ್ಚಲು

ಅತ್ತೆ ಬಚ್ಚಲಲ್ಲಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ದಿನ ಬಂಧುಬಳಗವೆಲ್ಲ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ನ್ಯಾಯ ತೀರ್ಮಾನ ಮಾಡಿ ಮುಗಿಸಿತ್ತು. ಎಕ್ಸ್‌ರೇ ಇನ್ನೂ ಕೈಗೆ ಬಂದಿರಲಿಲ್ಲ, ತೀರ್ಪು ಬಂದಾಗಿತ್ತು. ಸೊಸೆ ಬಚ್ಚಲು ತೊಳೆದಿರಲಿಲ್ಲ, ಅದಕ್ಕೇ ಅತ್ತೆ ಜಾರಿದರು.

ತೊಳೆದಿದ್ದಳು. ಅವತ್ತು ಬೆಳಿಗ್ಗೆಯೇ, ಕೆಲಸಕ್ಕೆ ಹೊರಡುವ ಮುಂಚೆ, ಮೂಲೆಮೂಲೆಗೂ ಬ್ರಷ್ಷು ಹಾಕಿ ತಿಕ್ಕಿ, ಬಕೆಟ್ಟುಗಟ್ಟಲೆ ನೀರು ಸುರಿದು ತೊಳೆದಿದ್ದಳು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗಲೂ ಅವಳ ಅಂಗೈಯಲ್ಲಿ ಬ್ಲೀಚಿಂಗ್ ಪುಡಿಯ ವಾಸನೆ ಹೋಗಿರಲಿಲ್ಲ. ಅದನ್ನೇ ನಾದಿನಿಗೆ ಹೇಳಿದಳು.

"ತೊಳೆದಿದ್ರೆ ಅಮ್ಮ ಯಾಕೆ ಜಾರ್ತಿದ್ರು ಅತ್ತಿಗೆ?" ಎಂದಳು ನಾದಿನಿ.

ಇಂಥ ಪ್ರಶ್ನೆಗೆ ಯಾವ ಉತ್ತರ ಕೊಟ್ಟರೂ ಅದು ನೆಪದ ಹಾಗೆಯೇ ಕೇಳಿಸುತ್ತದೆ. ಸೊಸೆ ಸ್ಟ್ರೆಚರಿನ ಮೇಲೆ ಮಲಗಿದ್ದ ಅತ್ತೆಯ ಮುಖ ನೋಡಿದಳು. ಅತ್ತೆ ಗೋಡೆಯ ಕಡೆ ತಿರುಗಿ, "ಜಾರಿಬಿಟ್ಟೆ ಕಣಮ್ಮ, ಹೋಗ್ಲಿ ಬಿಡು" ಎಂದರು. ನಾದಿನಿ ಫೋನ್ ಹಿಡಿದು ಕಾರಿಡಾರಿನ ಉದ್ದಕ್ಕೂ ಓಡಾಡುತ್ತ ಚಿಕ್ಕಮ್ಮನಿಂದ ಹಿಡಿದು ದೂರದ ಸೋದರಮಾವನವರೆಗೆ ಎಲ್ಲರಿಗೂ ಸುದ್ದಿ ಮುಟ್ಟಿಸಿದಳು. ಪ್ರತಿ ಫೋನಿನಲ್ಲೂ "ಬಚ್ಚಲು ಪಾಚಿಗಟ್ಟಿತ್ತಂತೆ" ಎನ್ನುವ ಮಾತು ಬಂದೇ ಬಂತು. ಆ 'ಅಂತೆ'ಯನ್ನು ಹುಟ್ಟಿಸಿದವರು ಯಾರು ಎಂದು ಯಾರೂ ಕೇಳಲಿಲ್ಲ. ಪಾಚಿ ಪಾಪ, ಅದಕ್ಕೂ ಆ ಬಚ್ಚಲಿನ ಪರಿಚಯ ಇರಲಿಲ್ಲ.

ಸೊಸೆ ಹಲ್ಲು ಕಚ್ಚಿಕೊಂಡು ಸುಮ್ಮನಾದಳು. ಆದರೆ ಒಳಗೆ ಉರಿಯುತ್ತಿದ್ದುದು ಆರಲಿಲ್ಲ.

ಈಗ ಆ ಮನೆಯ ಬಗ್ಗೆ ಒಂದಿಷ್ಟು ಹೇಳಬೇಕು. ಹಳೆಯ ಮನೆ. ಗೋಡೆಗೆ ಮೊಳೆ ಹೊಡೆದರೆ ಮೊಳೆ ನಿಲ್ಲದೆ ಗಾರೆಯೇ ಉದುರುತ್ತದೆ. ಸ್ವಿಚ್ಚು ಹಾಕಿದರೆ ದೀಪ ಒಂದು ಕ್ಷಣ ಯೋಚನೆ ಮಾಡಿ ಆಮೇಲೆ ಹತ್ತುತ್ತದೆ. ಇಂಥ ಮನೆಗೆ ಹೊರಗಿನ ರಿಪೇರಿಯವನು ಕಾಲಿಡಬಾರದು ಎನ್ನುವುದು ಮಾವನ ಕಾಲದಿಂದ ಬಂದ ಕಟ್ಟಳೆ. ಮಾವ ಇದ್ದಷ್ಟು ದಿನ ಎಲ್ಲವನ್ನೂ ಅವರೇ ಮಾಡಿದರು. ಅವರಾದ ಮೇಲೆ ಸ್ಕ್ರೂಡ್ರೈವರು, ಕಟಿಂಗ್ ಪ್ಲೇಯರು, ಕರೆಂಟು ನೋಡುವ ಟೆಸ್ಟರು ಮಗನ ಕೈಗೆ ಬಂದವು. ಮಗನಿಗೆ ವಿಮಾ ಕಚೇರಿಯಲ್ಲಿ ಗುಮಾಸ್ತಿಕೆ. ಆದರೆ ಜೇಬಿನಲ್ಲಿ ಪೆನ್ನು ಇಲ್ಲದಿದ್ದರೂ ಟೆಸ್ಟರ್ ಇರುತ್ತಿತ್ತು. ಏನೇ ಕೆಟ್ಟರೂ ಕಪ್ಪು ಟೇಪು ಸುತ್ತಿ ಸರಿಮಾಡುತ್ತಿದ್ದುದರಿಂದ ಬೀದಿಯವರು ಅವನಿಗೆ ಟೇಪಪ್ಪ ಎಂದು ಹೆಸರಿಟ್ಟಿದ್ದರು. ಮಿಕ್ಸಿಯ ವೈರಿಗೆ ಟೇಪು, ಕಿಟಕಿಯ ಗಾಜಿಗೆ ಟೇಪು, ಬಾಗಿಲ ಹಿಡಿಗೆ ಟೇಪು. ಆ ಹೆಸರು ತನಗೆ ಸಿಕ್ಕ ಬಿರುದು ಎಂದೇ ಅವನು ತಿಳಿದಿದ್ದ.

ಅತ್ತೆ ಬೀಳುವುದಕ್ಕೆ ಕೆಲವು ವಾರ ಮುಂಚೆ ಟೇಪಪ್ಪ ತನ್ನ ಜೀವನದ ಅತಿ ದೊಡ್ಡ ರಿಪೇರಿ ಮಾಡಿದ್ದ. ಬೀದಿಯಿಂದ ನೆಲದೊಳಗೇ ಬಂದು ಬಚ್ಚಲ ಹಿಂದಿನ ಗೋಡೆ ಹತ್ತುವ ಕಬ್ಬಿಣದ ನೀರಿನ ಪೈಪು ತುಕ್ಕು ಹಿಡಿದು ಸೋರುತ್ತಿತ್ತು. ರಜದ ದಿನ ಮಣ್ಣು ಅಗೆದು, ತುಕ್ಕು ಹಿಡಿದ ಭಾಗ ಕೊಯ್ದು ಬಿಸಾಕಿ, ಆ ಜಾಗಕ್ಕೆ ಬೆಳ್ಳಗಿನ ಪ್ಲಾಸ್ಟಿಕ್ ಪೈಪು ಜೋಡಿಸಿದ. ಅಕ್ಕಪಕ್ಕದವರನ್ನು ಕರೆದು ತೋರಿಸಿ, "ಒಂದು ಹನಿ ಸೋರಿದ್ರೆ ಕೇಳಿ" ಎಂದ. ನಿಜವೇ, ಹನಿ ಸೋರಲಿಲ್ಲ. ಅತ್ತೆ ನಾಲ್ಕು ಮನೆಯವರ ಮುಂದೆ, "ನನ್ನ ಮಗ ಕೈ ಹಾಕಿದ್ರೆ ಮುಗೀತು" ಎಂದು ಹಿಗ್ಗಿದರು.

ಅಲ್ಲಿಂದಾಚೆ ಅಡುಗೆಮನೆಯ ನಲ್ಲಿ ಮುಟ್ಟಿದಾಗ ಸೊಸೆಯ ಬೆರಳು ಆಗಾಗ ಜುಮ್ಮೆನ್ನತೊಡಗಿತು. ಎಲ್ಲ ಹೊತ್ತಿನಲ್ಲೂ ಅಲ್ಲ, ಬೆಳಗಿನ ಹೊತ್ತು ಮಾತ್ರ. ಗಂಡನಿಗೆ ಹೇಳಿದಳು. ಅವನು ನಕ್ಕ. ಮತ್ತೆ ಹೇಳಿದಳು. "ನಿನಗೆ ನರದ ವೀಕ್ನೆಸ್ಸು, ಒಂದು ಟಾನಿಕ್ ತಗೋ" ಎಂದ. ಮೂರನೆಯ ಸಲ ಹೇಳಿದಾಗ ಟೆಸ್ಟರ್ ತೆಗೆದುಕೊಂಡು ಗಂಭೀರವಾಗಿ ಬಂದ. ಮೊದಲು ಬಚ್ಚಲಿಗೆ ಹೋಗಿ ಗೀಸರಿನ ಸ್ವಿಚ್ಚು ಆರಿಸಿದ. ಮುಟ್ಟುವ ಮುಂಚೆ ಸ್ವಿಚ್ಚು ಆರಿಸಬೇಕು, ಅದು ಅವನಪ್ಪ ಹೇಳಿಕೊಟ್ಟ ಮೊದಲ ಪಾಠ. ಆಮೇಲೆ ನಲ್ಲಿಗೆ ಟೆಸ್ಟರ್ ಇಟ್ಟ. ಅದರ ಪುಟ್ಟ ದೀಪ ಹತ್ತಲಿಲ್ಲ.

"ನೋಡಿದ್ಯಾ? ಏನಿದೆ ಇಲ್ಲಿ?"

ಅವನಿಗಂತೂ ಯಾವತ್ತೂ ಜುಮ್ಮೆನ್ನಲಿಲ್ಲ. ಏಕೆಂದರೆ ಅವನು ತಣ್ಣೀರು ಸ್ನಾನದ ವೀರ, ಗೀಸರ್ ಹಾಕುತ್ತಲೇ ಇರಲಿಲ್ಲ. ಜೊತೆಗೆ ಹಿಮ್ಮಡಿ ನೋವೆಂದು ಮನೆಯೊಳಗೂ ರಬ್ಬರ್ ಚಪ್ಪಲಿ ಹಾಕಿಕೊಂಡೇ ಓಡಾಡುತ್ತಿದ್ದ. ಬಿಸಿನೀರು ಅತ್ತೆಗೆ ಮಾತ್ರ ಬೇಕಿತ್ತು. ದಿನಾ ಬೆಳಿಗ್ಗೆ, ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ.

ಅತ್ತೆ ಆಸ್ಪತ್ರೆ ಸೇರಿದ ಮೇಲೆ ಗೀಸರ್ ಹಾಕುವವರೇ ಇರಲಿಲ್ಲ, ನಲ್ಲಿಯೂ ಸುಮ್ಮನಿತ್ತು. ಹಾಗಾಗಿ ಸೊಸೆಗೂ ಅದು ಮರೆತೇಹೋಗಿತ್ತು. ಅತ್ತೆ ವಾಪಸು ಬರುವ ದಿನ ಹತ್ತಿರವಾದಾಗ ಅವರ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯೋಣವೆಂದು ಗೀಸರ್ ಹಾಕಿದಳು. ಕೆಂಪು ದೀಪ ಹತ್ತಿತು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ನಲ್ಲಿ ತಿರುಗಿಸಲು ಕೈಯಿಟ್ಟಳು.

ಯಾರೋ ಹಿಡಿದು ನೂಕಿದಂತೆ ಹಿಂದಕ್ಕೆ ಹೋಗಿ ಗೋಡೆಗೆ ಬಡಿದಳು. ಬಕೆಟ್ಟು ಉರುಳಿತು. ಕೈ ಭುಜದವರೆಗೆ ಮರಗಟ್ಟಿತ್ತು. ಉಸಿರು ವಾಪಸು ಬರುವುದಕ್ಕೆ ಹೊತ್ತು ಹಿಡಿಯಿತು. ಉಸಿರಿನ ಹಿಂದೆಯೇ ತಿಳಿವಳಿಕೆಯೂ ಬಂತು. ಅತ್ತೆ ಬಿದ್ದದ್ದು ಇದೇ ಜಾಗದಲ್ಲಿ, ಇದೇ ನಲ್ಲಿಯ ಮುಂದೆ, ಇದೇ ಕೆಂಪು ದೀಪದ ಕೆಳಗೆ.

ಮರುದಿನ ಕೆಲಸಕ್ಕೆ ಹೋದವಳು ಅಲ್ಲಿ ವಿಚಾರಿಸಿದಳು. ಅವಳದು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ. ಗಾಜು ಸವೆಸುವ ಯಂತ್ರ ನೋಡಲು ಬಂದಿದ್ದ ಮೆಕ್ಯಾನಿಕ್ ಎರಡು ಮಾತಿನಲ್ಲಿ ಬಿಡಿಸಿ ಹೇಳಿದ. ಗೀಸರಿನಿಂದ ಕರೆಂಟು ಸೋರಿದರೆ ಅದನ್ನು ನೆಲಕ್ಕೆ ಇಳಿಸಲು ಅರ್ತ್ ವೈರು ಅಂತ ಒಂದಿರುತ್ತದೆ. ಹಳೆಯ ಮನೆಗಳಲ್ಲಿ ಅದನ್ನು ಕಬ್ಬಿಣದ ನೀರಿನ ಪೈಪಿಗೇ ಕಟ್ಟುತ್ತಿದ್ದರು, ಪೈಪು ಮಣ್ಣೊಳಗೆ ಹೋಗುತ್ತದಲ್ಲ. ಮಧ್ಯೆ ಪ್ಲಾಸ್ಟಿಕ್ ಹಾಕಿದರೆ ಕರೆಂಟಿಗೆ ನೆಲಕ್ಕೆ ಹೋಗುವ ದಾರಿ ಇಲ್ಲ. ಅದು ಪೈಪಿನಲ್ಲೇ ಕೂತು, ನಲ್ಲಿ ಮುಟ್ಟುವವರಿಗಾಗಿ ಕಾಯುತ್ತದೆ. ಮನೆಗೆ ಬಂದು ಬಚ್ಚಲ ಹಿಂದೆ ಬಗ್ಗಿ ನೋಡಿದಳು. ಹಸಿರು ಹಿಡಿದ ತಾಮ್ರದ ತಂತಿ ಕಬ್ಬಿಣದ ಪೈಪಿಗೆ ಸುತ್ತಿಕೊಂಡಿತ್ತು. ಅದರ ಒಂದು ಗೇಣು ಕೆಳಗೆ ಗಂಡನ ಬಿಳಿ ಪ್ಲಾಸ್ಟಿಕ್ಕು ಹೊಳೆಯುತ್ತಿತ್ತು.

ಗಂಡನಿಗೆ ಹೇಳಿದಳು. ಕರೆಂಟು ಹೊಡೆದದ್ದನ್ನು ಹೇಳಿದಳು, ತಂತಿ ತೋರಿಸಿದಳು, ಅತ್ತೆ ಜಾರಿದ್ದಲ್ಲ ಎಂದೂ ಹೇಳಿದಳು. ಅವನ ಮುಖ ಕೆಂಪಗಾಯಿತು.

"ಅಂದ್ರೆ ನನ್ನ ತಾಯಿನ ನಾನೇ ಬೀಳಿಸಿದೆ ಅಂತೀಯಾ?"

"ಯಾರು ಬೀಳಿಸಿದ್ರು ಅಂತ ಈಗ ಕೇಳ್ತಿಲ್ಲ. ಒಬ್ಬ ವೈರ್‌ಮನ್ ಕರೆಸಿ ಅಂತಿದ್ದೀನಿ. ಅತ್ತೆ ಮತ್ತೆ ಅಲ್ಲೇ ಸ್ನಾನ ಮಾಡ್ಬೇಕು ರೀ."

"ಈ ಮನೆಗೆ ವೈರ್‌ಮನ್ ಬಂದಿಲ್ಲ, ಬರೋದೂ ಇಲ್ಲ." ಟೆಸ್ಟರ್ ತೆಗೆದ. ಬಚ್ಚಲಿಗೆ ಹೋದ. ಗೀಸರ್ ಆರಿಸಿದ.

"ಆರಿಸಬೇಡಿ! ಹಾಕಿಟ್ಟುಕೊಂಡು ನೋಡಿ!"

"ಬುದ್ಧಿ ಇರೋರು ಯಾರಾದ್ರೂ ಸ್ವಿಚ್ ಹಾಕಿಟ್ಟು ಮುಟ್ತಾರಾ?" ಎಂದು ನಲ್ಲಿಗೆ ಟೆಸ್ಟರ್ ಇಟ್ಟ. ದೀಪ ಹತ್ತಲಿಲ್ಲ. "ತಗೋ. ನಿನ್ನ ತಪ್ಪು ಮುಚ್ಚಿಕೊಳ್ಳೋಕೆ ಈಗ ನನ್ನ ಪೈಪಿನ ಮೇಲೆ ಗೂಬೆ ಕೂರಿಸ್ತಿದ್ದೀಯ."

ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿದುಹೋಯಿತು. ಅಂಗಡಿಯಲ್ಲಿ ದಿನವಿಡೀ ಅವಳು ಗಾಜು ಬದಲಾಯಿಸುತ್ತ, ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ ಎಂದು ಕೇಳುತ್ತಾಳೆ. ಕೂತವರು ಮಂಜಾಗಿದೆ ಎಂದರೆ ಮಂಜು. ಇಲ್ಲ, ನಿಮಗೆ ಕಾಣುತ್ತಿದೆ, ಸುಳ್ಳು ಹೇಳುತ್ತಿದ್ದೀರಿ ಎಂದು ಅವಳು ಯಾರಿಗೂ ಅಂದವಳಲ್ಲ. ಗುರುತಿಲ್ಲದ ಗಿರಾಕಿಯ ಕಣ್ಣಿಗೆ ಅಷ್ಟು ಬೆಲೆ ಇದೆ. ಇಷ್ಟು ವರ್ಷ ಜೊತೆಗೆ ಬದುಕಿದ ಹೆಂಡತಿಯ ಕೈಗೆ ಇಲ್ಲ.

ಅತ್ತೆ ಬರುವ ದಿನ ಬೆಳಿಗ್ಗೆ ಇನ್ನೂ ದೊಡ್ಡ ಎಡವಟ್ಟಾಯಿತು. ಅಮ್ಮ ಹಿಡಿದುಕೊಂಡು ನಿಲ್ಲಲಿ ಎಂದು ನಾದಿನಿ ಹಿಂದಿನ ದಿನವೇ ಉದ್ದನೆಯ ಸ್ಟೀಲ್ ಸರಳು ತಂದು ಕೊಟ್ಟುಹೋಗಿದ್ದಳು. ಟೇಪಪ್ಪ ಅದನ್ನು ಗೋಡೆಗೆ ಹೊಡೆಯಲು ಹೋದ. ಗಾರೆ ಉದುರಿತು, ಸ್ಕ್ರೂ ನಿಲ್ಲಲಿಲ್ಲ. ಅವನೇನು ಸೋಲುವವನೇ? ಸರಳಿನ ಎರಡು ತುದಿಯನ್ನೂ ಕ್ಲಾಂಪು ಹಾಕಿ ಬಚ್ಚಲೊಳಗಿನ ಕಬ್ಬಿಣದ ನೀರಿನ ಪೈಪಿಗೇ ಬಿಗಿದ. ಎಳೆದು, ಜಗ್ಗಿ, ತೂಗಾಡಿ ನೋಡಿದ. ಅಲುಗಾಡಲಿಲ್ಲ. "ಇನ್ನು ಅಮ್ಮ ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡ್ಕೊಂಡು ಸ್ನಾನ ಮಾಡಬಹುದು" ಎಂದು ಬೆವರು ಒರೆಸಿಕೊಂಡು, ಟೆಸ್ಟರನ್ನು ಕಿಟಕಿಯ ಮೇಲಿಟ್ಟು, ಅಮ್ಮನನ್ನು ಕರೆತರಲು ಹೊರಟ.

ಎರಡು ಕೈಯಲ್ಲೂ! ಸೊಸೆ ಬಚ್ಚಲಿಗೆ ಓಡಿದಳು. ತನ್ನದಾದರೆ ಗಟ್ಟಿಮುಟ್ಟಾದ ಮೈ, ಒಂದು ಕೈ ಮುಟ್ಟಿತ್ತು, ನೂಕಿ ಬಿಟ್ಟಿತು. ಮುರಿದ ಕಾಲಿನ ಮುದುಕಿ ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದರೆ ಬಿಡುವುದೆಂತು? ಗೀಸರ್ ಹಾಕಿ, ಗಂಡನ ಚಪ್ಪಲಿಗಳಲ್ಲೊಂದು ಜೊತೆ ಮೆಟ್ಟಿಕೊಂಡು, ಟೆಸ್ಟರನ್ನು ಸರಳಿಗೆ ಇಟ್ಟಳು. ಅದರ ದೀಪ ಝಗ್ಗೆಂದು ಹತ್ತಿತು. ತಾನು ಹೇಳಿದ್ದು ನಿಜ ಎನ್ನುವುದಕ್ಕೆ ಈಗ ಸಾಕ್ಷಿ ಇತ್ತು. ಆದರೆ ಅದನ್ನು ತೋರಿಸಿದರೆ ಏನಾಗುತ್ತದೆ ಎಂದೂ ಅವಳಿಗೆ ಗೊತ್ತಿತ್ತು. ಟೆಸ್ಟರ್ ಕೆಟ್ಟಿದೆ ಎನ್ನುತ್ತಾನೆ. ನಿನಗೆ ಹಿಡಿಯಲು ಬರುವುದಿಲ್ಲ ಎನ್ನುತ್ತಾನೆ. ತಾನಿಲ್ಲದ ಹೊತ್ತಿನಲ್ಲಿ ಅತ್ತೆಯ ಕೈಗೆ ಯಾರಾದರೂ ಆ ಸರಳನ್ನು ಹಿಡಿಸಿಯೇ ಬಿಡುತ್ತಾರೆ.

ಸೊಸೆ ಗೀಸರ್ ಆರಿಸಿದಳು. ಮೀಟರಿನ ಹಲಗೆಯ ಹತ್ತಿರ ಸ್ಟೂಲು ಹಾಕಿಕೊಂಡು ಮೇನ್ ಸ್ವಿಚ್ಚು ಇಳಿಸಿದಳು. ಪಿಂಗಾಣಿ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ತನ್ನ ಕೈಚೀಲಕ್ಕೆ ಹಾಕಿ, ಜಿಪ್ಪು ಎಳೆದಳು. ಮೆಕ್ಯಾನಿಕ್ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿ ವೈರ್‌ಮನ್‌ಗೆ ಬರಹೇಳಿದಳು. ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಬಾಗಿಲಲ್ಲಿ ಕೂತಳು.

ಅತ್ತೆಯನ್ನು ನಡುಮನೆಯ ಮಂಚದ ಮೇಲೆ ಮಲಗಿಸುವಷ್ಟರಲ್ಲಿ ಎಲ್ಲರೂ ಬೆವೆತುಹೋಗಿದ್ದರು. ನಾದಿನಿ ಫ್ಯಾನಿನ ಸ್ವಿಚ್ಚು ಟಕ ಟಕ ಎಂದು ಹಾಕಿ ನೋಡಿದಳು. ಟೇಪಪ್ಪ ಹಲಗೆಯ ಹತ್ತಿರ ಹೋಗಿ ಅಲ್ಲೇ ನಿಂತುಬಿಟ್ಟ.

"ಫ್ಯೂಸ್ ಎಲ್ಲೇ?"

"ನನ್ನ ಹತ್ರ ಇದೆ."

"ಕೊಡು."

"ಕೊಡಲ್ಲ. ವೈರ್‌ಮನ್ ಬರ್ತಿದ್ದಾನೆ, ಅವನ ಕೈಗೇ ಕೊಡ್ತೀನಿ."

ಅವನು ಏನಾದರೂ ಹೇಳುವ ಮುಂಚೆ ನಾದಿನಿಯೇ ಎದುರು ಬಂದಳು. "ಏನ್ ಅತ್ತಿಗೆ ಇದು? ಆಸ್ಪತ್ರೇಲಿ ಒರೆಸಿಕೊಂಡು ಒರೆಸಿಕೊಂಡು ಅಮ್ಮ ರೋಸಿಹೋಗಿದ್ದಾರೆ. ಮನೆಗೆ ಹೋದ ತಕ್ಷಣ ಬಿಸಿನೀರು ಸ್ನಾನ ಅಂತ ದಾರಿ ಉದ್ದಕ್ಕೂ ಹೇಳ್ತಿದ್ರು. ಅದಕ್ಕೂ ಕಲ್ಲು ಹಾಕ್ತೀರಲ್ಲ! ಅವತ್ತು ಬಚ್ಚಲು ತೊಳೀಲಿಲ್ಲ, ಇವತ್ತು ಕರೆಂಟೇ ಕಿತ್ತಿಟ್ಟಿದ್ದೀರಾ?"

ಇಷ್ಟು ದಿನ ಹಲ್ಲಿನ ಹಿಂದೆ ಹಿಡಿದಿಟ್ಟಿದ್ದು ಈಗ ಹೊರಗೆ ಬಂತು.

"ತೊಳೆದಿದ್ದೆ! ಅವತ್ತೂ ತೊಳೆದಿದ್ದೆ, ಅದರ ಹಿಂದಿನ ದಿನಾನೂ ತೊಳೆದಿದ್ದೆ. ನೀನು ಬಂದು ನೋಡಿದ್ಯಾ? ಒಂದು ಸಲ ಬಗ್ಗಿ ಬೆರಳಿಟ್ಟು ನೋಡಿದ್ಯಾ? ಊರಿಗೆಲ್ಲ ಫೋನ್ ಮಾಡೋಕೆ ಮಾತ್ರ ಪುರುಸೊತ್ತಿತ್ತು. ಅತ್ತೆಗೆ ಬಿಸಿನೀರು ಒಲೆ ಮೇಲೆ ಕಾಯ್ತಾ ಇದೆ, ಮಂಚದ ಮೇಲೇ ಮೈ ಒರೆಸಿ, ತಲೆಗೂ ಹಾಕ್ತೀನಿ. ಆದ್ರೆ ಆ ಸರಳು ಮುಟ್ಟೋಕೆ ಬಿಡಲ್ಲ. ಅದ್ರಲ್ಲಿ ಕರೆಂಟ್ ಬರುತ್ತೆ."

"ಕರೆಂಟ್ ಬರುತ್ತಾ?" ಟೇಪಪ್ಪ ಕೆಂಡಾಮಂಡಲವಾದ. "ನಾನು ಹಾಕಿದ ಸರಳಲ್ಲಿ ಕರೆಂಟ್ ಬರುತ್ತಾ? ಬಾ, ಎಲ್ಲರ ಮುಂದೇನೂ ತೋರಿಸ್ತೀನಿ. ಬರಿಗಾಲಲ್ಲೇ ಹಿಡೀತೀನಿ, ಎರಡು ಕೈಯಲ್ಲೂ ಹಿಡೀತೀನಿ!"

ಚಪ್ಪಲಿಯನ್ನು ಆಚೆ ಎಸೆದು ಬಚ್ಚಲಿಗೆ ನುಗ್ಗಿದ. ಮಂಚದ ಮೇಲಿಂದ ನೇರ ಕಾಣುವ ಬಾಗಿಲು ಅದು. ಚೊಂಬಿನಲ್ಲಿ ನೀರು ತುಂಬಿ ಕಾಲಿನ ಮೇಲೆ ಸುರಿದುಕೊಂಡ. ಎರಡು ಕೈಯನ್ನೂ ಚಾಚಿದ. ಫ್ಯೂಸುಗಳೆಲ್ಲ ಹೆಂಡತಿಯ ಚೀಲದಲ್ಲಿವೆ, ಮನೆಯಲ್ಲಿ ತೊಟ್ಟು ಕರೆಂಟೂ ಇಲ್ಲ. ಅದು ಸೊಸೆಗೆ ಗೊತ್ತು, ನಾದಿನಿಗೆ ಗೊತ್ತು, ಟೇಪಪ್ಪನಿಗಂತೂ ಚೆನ್ನಾಗಿ ಗೊತ್ತು. ಅವನ ಪರೀಕ್ಷೆಗಳೆಲ್ಲ ಯಾವತ್ತೂ ಹೀಗೆಯೇ.

ಆದರೆ ಅತ್ತೆಗೆ ಆ ಕ್ಷಣ ಅದು ಹೊಳೆಯಲಿಲ್ಲ.

"ಬೇಡ ಕಣೋ! ಮುಟ್ಬೇಡ! ಹೊಡೆಯುತ್ತೆ ಅದು, ಹೊಡೆಯುತ್ತೆ!"

ಮುರಿದ ಕಾಲನ್ನೂ ಮರೆತು ಅರ್ಧ ಎದ್ದು ಕೂತಿದ್ದರು. ಎರಡೂ ಕೈಯನ್ನು ಮಗನ ಕಡೆ ಚಾಚಿದ್ದರು. ಟೇಪಪ್ಪ ಚಾಚಿದ ಕೈಯಲ್ಲೇ ನಿಂತ.

ಸೊಸೆ ಮಂಚದ ಹತ್ತಿರ ಬಂದಳು. ಅವಳ ದನಿ ಈಗ ಏರಲಿಲ್ಲ.

"ನಿಮಗೆ ಗೊತ್ತಿತ್ತು."

ಅತ್ತೆ ದಿಂಬಿಗೆ ಒರಗಿ ಕಣ್ಣು ಮುಚ್ಚಿದರು. "ನಲ್ಲಿ ಮುಟ್ಟಿದ್ದಷ್ಟೇ ಗೊತ್ತು. ಎತ್ತಿ ಹಾಕಿದ ಹಾಗಾಯ್ತು. ಪಾಪ, ಬಿಸಿಲಲ್ಲಿ ಮಣ್ಣು ಅಗೆದು ಹಾಕಿದ ಪೈಪು... ಹೇಳಿದ್ರೆ ಇವನು ಕೊರಗಿ ಸಾಯ್ತಾನೆ ಅಂತ ಜಾರಿದೆ ಅಂದೆ. ಜಾರಿದ್ರೆ ಯಾರ ತಪ್ಪೂ ಅಲ್ಲ ಅಲ್ವಾ?"

"ಯಾರ ತಪ್ಪೂ ಅಲ್ವಾ?" ಸೊಸೆಯ ಕಣ್ಣು ಈಗ ತುಂಬಿತು, ಆದರೆ ಅದು ದುಃಖಕ್ಕಲ್ಲ. "ಜಾರಿದ್ದು ನಾನು ತೊಳೆದ ನೆಲದ ಮೇಲೆ ಅತ್ತೆ. ಇವರೆಲ್ಲ ನನ್ನನ್ನ ಅಂದಿದ್ದು ನಿಮ್ಮ ಕಿವಿಗೆ ಬಿತ್ತು. ಗೋಡೆ ಕಡೆ ತಿರುಗಿದ್ರಿ. ಮಗ ಕೊರಗಬಾರದು, ಸೊಸೆ ಕೊರಗಬಹುದು. ಇವತ್ತೂ ನಾನು ಫ್ಯೂಸ್ ಕೀಳದೇ ಇದ್ದಿದ್ರೆ ಏನು ಮಾಡ್ತಿದ್ರಿ? ಮಗನ ಮರ್ಯಾದೆ ಉಳಿಸೋಕೆ ಆ ಸರಳು ಹಿಡೀತಿದ್ರಾ?"

ಹಿಡಿಯುತ್ತಿದ್ದರೋ ಏನೋ, ತಾಯಿ ಕರುಳು. ಆ ಕರುಳಿನ ಮೇಲೂ ಸೊಸೆಗೆ ಸಿಟ್ಟೇ ಬಂತು.

ಟೇಪಪ್ಪ ಬಚ್ಚಲಿಂದ ಹೊರಗೆ ಬಂದು ಚಪ್ಪಲಿ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದ. ಅಷ್ಟರಲ್ಲಿ ವೈರ್‌ಮನ್ ಬಂದ. ಹಿತ್ತಲಿಗೆ ಹೋಗಿ ಗುಂಡಿ ತೋಡಿದ, ಕಬ್ಬಿಣದ ಕಡ್ಡಿ ಇಳಿಸಿ ಹೊಸ ಅರ್ತ್ ವೈರು ಎಳೆದ. ಸರಳನ್ನು ಬಿಚ್ಚಿ ಹಾಕಿದ, ಕರೆಂಟು ಸೋರುತ್ತಿದ್ದ ಗೀಸರನ್ನೂ ಕಳಚಿ ಕೆಳಗಿಟ್ಟ. ಅವನು ಕೆಲಸ ಮಾಡುತ್ತಿರುವಾಗಲೇ ಸೊಸೆ ಒಲೆಯ ನೀರು ತಂದು ಅತ್ತೆಯ ಮೈ ಒರೆಸಿದಳು, ತಲೆಗೆ ನೀರು ಹಾಕಿ ಟವೆಲ್ ಸುತ್ತಿದಳು. ಅತ್ತೆ ಒಂದು ಸಲ ಅವಳ ಮಣಿಕಟ್ಟು ಹಿಡಿದರು. ಅವಳು ಬಿಡಿಸಿಕೊಳ್ಳಲಿಲ್ಲ, ಒಲಿಯಲೂ ಇಲ್ಲ.

"ಹೋಗ್ಲಿ ಬಿಡಿ ಅತ್ತಿಗೆ" ಎಂದಳು ನಾದಿನಿ, ಸಮಾಧಾನದ ದನಿಯಲ್ಲಿ. "ಈಗ ಎಲ್ಲ ಸರಿಹೋಯ್ತಲ್ಲ. ಯಾರನ್ನ ಅಂದು ಏನು ಪ್ರಯೋಜನ, ಹಳೇ ಮನೆ ಅಲ್ವಾ?"

"ಮನೆ ಹಳೇದು, ನಿಜ. ಪೈಪು ಹೊಸದು. ಹಾಕಿದ್ದು ನಿಮ್ಮಣ್ಣ. ನೆಲ ತೊಳೆದಿದ್ದು ನಾನು."

ಹಿತ್ತಲ ಬಾಗಿಲಲ್ಲಿ ವೈರ್‌ಮನ್ ಕೈ ಒರೆಸಿಕೊಳ್ಳುತ್ತ ನಿಂತಿದ್ದ. "ಮುಗೀತಮ್ಮ. ಫ್ಯೂಸ್ ಕೊಟ್ರೆ ಹಾಕಿಬಿಡ್ತೀನಿ."

ಸೊಸೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಳು. ಜಿಪ್ಪಿನ ಮೇಲೆ ಕೈಯಿತ್ತು.

"ಸ್ವಲ್ಪ ಕೂತ್ಕೊಳ್ಳಿ. ರಿಪೇರಿ ಇನ್ನೂ ಮುಗಿದಿಲ್ಲ." ಆಮೇಲೆ ನಾದಿನಿಯ ಕಡೆ ತಿರುಗಿದಳು. "ಅವತ್ತು ಯಾರ್‍ಯಾರಿಗೆ ಫೋನ್ ಮಾಡಿದ್ಯೋ, ಅವರಿಗೆಲ್ಲ ಮಾಡು. ಮೊದ್ಲು ಚಿಕ್ಕಮ್ಮನಿಗೆ. ಜೋರಾಗಿ ಮಾತಾಡು, ನನಗೂ ಕೇಳಿಸ್ಲಿ."

ನಾದಿನಿ ಅಣ್ಣನ ಮುಖ ನೋಡಿದಳು. ಅಣ್ಣ ಅಮ್ಮನ ಮುಖ ನೋಡಿದ. ಅಮ್ಮ ಈ ಸಲ ಗೋಡೆಯ ಕಡೆ ತಿರುಗಲಿಲ್ಲ. ಬಿಸಿಲೇರಿ ಕೋಣೆಯಲ್ಲಿ ಉಸಿರಾಡುವುದೇ ಕಷ್ಟವಾಗಿತ್ತು, ಫ್ಯಾನು ಅಲ್ಲಾಡದೆ ನೇತಾಡುತ್ತಿತ್ತು. ವೈರ್‌ಮನ್ ಏನೂ ಅರ್ಥವಾಗದೆ ಸ್ಟೂಲಿನ ಮೇಲೆ ಕೂತ. ನಾದಿನಿ ಮೆಲ್ಲಗೆ ಫೋನ್ ಎತ್ತಿಕೊಂಡಳು.

"ಹಲೋ, ಚಿಕ್ಕಮ್ಮಾ... ಹ್ಞೂಂ, ಮನೆಗೆ ಕರ್ಕೊಂಡು ಬಂದ್ವಿ. ಅಲ್ಲ, ಅದು... ಅವತ್ತು ಬಚ್ಚಲು ಅಂದಿದ್ನಲ್ಲ, ಅತ್ತಿಗೆ ತೊಳೆದಿದ್ರಂತೆ."

"'ಅಂತೆ' ಬೇಡ" ಎಂದಳು ಸೊಸೆ.

"ತೊಳೆದಿದ್ರು ಚಿಕ್ಕಮ್ಮ" ಎಂದಳು ನಾದಿನಿ.